ನೆಲ ಮುಟ್ಟದ ಸಗಣಿ

ಚೊಳಚಗುಡ್ಡ
೧೨ ಜೂನ್ ೨೦೨೩

ಮಗಳೇ ಸುನಿತಾ,

ಬನಶಂಕರಿ ನಿನ್ನ ಬೆನ್ನಿಗಿರಲಿ. ನೀನು ಕೇಳಿದ್ದನ್ನು ಇವತ್ತು ಅಂಚೆಗೆ ಹಾಕಿ ಬಂದೆ. ಹೆಣ್ಣುಮಕ್ಕಳು ಊರಿನಿಂದ ಸಂಡಿಗೆ ತರಿಸಿಕೊಳ್ಳುತ್ತಾರೆ, ಖಾರಪುಡಿ ತರಿಸಿಕೊಳ್ಳುತ್ತಾರೆ. ಪುಣೆಯಲ್ಲಿ ಕುಳಿತು ಸಗಣಿ ತರಿಸಿಕೊಳ್ಳುವವಳು ನೀನೊಬ್ಬಳೇ. ಅಂಚೆಯ ಜಲಾಲುದ್ದೀನ ಡಬ್ಬಿಯನ್ನು ತಕ್ಕಡಿಗೆ ಇಟ್ಟು, ‘ಅಕ್ಕಾರ, ಏನೈತ್ರಿ ಇದರಾಗ?’ ಅಂದ.

‘ಸಗಣಿ.’

‘ಪುಣೆಕ್ಕ ಸಗಣಿ ಕಳಸಾಕತ್ತೀರಿ? ಯಾರ ಮ್ಯಾಲ್ರೀ ಇಷ್ಟು ಸಿಟ್ಟು?’

‘ನನ್ನ ಮಗಳು ಕೇಳ್ಯಾಳಪಾ, ಅದರ ಮ್ಯಾಲ ಓದಾಕತ್ತಾಳ’ ಅಂದೆ. ನಗುತ್ತ ನಗುತ್ತ ಮುದ್ರೆ ಒತ್ತಿದ. ನೀನು ಈ ಹೊಸ ಪ್ರಯೋಗಶಾಲೆ ಸೇರಿದ ಮೇಲೆ ಸಗಣಿಯಲ್ಲಿ ಏನು ಓದುತ್ತೀ ಅಂತ ನನಗೂ ಖರೆ ತಿಳಿದಿಲ್ಲ, ಬರೆ.

ವಿಭೂತಿ ಮಾಡುವ ಮನೆಯ ಸಗಣಿ ಕೆಟ್ಟು ಹೋಯಿತು ಅನ್ನಿಸಿಕೊಳ್ಳಬಾರದು. ದಾರಿಯಲ್ಲಿ ಬೂಷ್ಟು ಹಿಡಿಯದಿರಲಿ ಅಂತ, ಜೋಳದ ಚೀಲಕ್ಕೆ ಹಾಕುವ ಹಾಗೆ ನಡುನಡುವೆ ಬೇವಿನ ಎಲೆ ಇಟ್ಟಿದ್ದೇನೆ. 

ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಆದರೂ ಕಾಗದ ಯಾಕೆ ಬರೆಯುತ್ತಾಳೆ ಅವ್ವ ಅಂತ ನೀನು ಅಂದುಕೊಳ್ಳಬಹುದು. ನಮ್ಮದು ಒಂದೇ ಪಡಸಾಲೆಯ ಮನೆ. ನಡುವೆ ಬಸವಂತನ ಮಂಚ. ಕಣ್ಣು ಹೋದ ಮೇಲೆ ನಿಮ್ಮಣ್ಣನ ಕಿವಿಗೆ ಬೆಕ್ಕು ನಡೆದದ್ದೂ ಕೇಳುತ್ತದೆ. ಅವನೆದುರು ಫೋನಿನಲ್ಲಿ ಉಂಡೆಯಾ, ಮಳೆ ಬಂತಾ ಅನ್ನುವುದು ಬಿಟ್ಟು ಬೇರೆ ಏನು ಮಾತಾಡಲಿ? ಅವನ ಕಾಲು ಈಗ ಪೂರಾ ಸೋತಿವೆ. ರೆಪ್ಪೆ ಎತ್ತಲು ಆಗುವುದಿಲ್ಲ. ಮೂರ್ಛೆ ಬಂದ ದಿನ ಮಾತು ತೊದಲುತ್ತದೆ. ಬದಾಮಿಯಲ್ಲಿ ಕೂತು ಊರ ಮಂದಿಯ ಮೊಬೈಲೆಲ್ಲ ಬಿಚ್ಚಿ ಜೋಡಿಸುತ್ತಿದ್ದ ಬೆರಳು, ಈಗ ತುತ್ತು ಹಿಡಿಯುವುದಿಲ್ಲ.

ಇನ್ನೊಂದು ಮಾತು. ಇಳಕಲ್ಲಿನಿಂದ ನಿನ್ನನ್ನು ಕೇಳಿಕೊಂಡು ಬಂದಿದ್ದಾರೆ. ನೇಕಾರಿಕೆಯ ಮನೆ, ಹುಡುಗ ಮಗ್ಗದ ಕಾರಖಾನೆ ನಡೆಸುತ್ತಾನೆ, ಓದಿದವನು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಏನಂದರೆ, ಅವರಿಗೂ ನಮಗೂ ಹಿಂದಿನಿಂದ ಯಾವ ಬೀಗತನವೂ ಇಲ್ಲ. ನಿಮ್ಮಪ್ಪ ನನಗೆ ಸೋದರತ್ತೆಯ ಮಗ. ಬಾಗಲಕೋಟೆ ದವಾಖಾನೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಅದನ್ನು, ‘ಒಳಸಂಬಂಧ ಏನ್ರಿ?’ ಅಂತ. ಹೌದು ಅಂದ ಗಳಿಗೆಯಿಂದ ನಿಮ್ಮಪ್ಪ ತಲೆ ಎತ್ತಿ ನಡೆದಿಲ್ಲ. ಹೊರಗಿನವನನ್ನು ಮಾಡಿಕೊಂಡರೆ ನಿನ್ನ ಹೊಟ್ಟೆಯ ಕೂಸುಗಳಾದರೂ ನೆಟ್ಟಗೆ ನಡೆಯುತ್ತವೆ. ಇದೊಂದನ್ನು ನೋಡಿ ನಾನು ಕಣ್ಣು ಮುಚ್ಚಬೇಕು.

ನಿನ್ನ ಅವ್ವ
ಗುರಸಿದ್ಧವ್ವ


ಪುಣೆ
೩ ಜುಲೈ ೨೦೨೩

ಅವ್ವ,

ಡಬ್ಬಿ ಮುಟ್ಟಿತು. ಬಿಚ್ಚಿದ ಕೂಡಲೇ ಇಡೀ ಪ್ರಯೋಗಶಾಲೆ ನಮ್ಮ ದನದ ಕೊಟ್ಟಿಗೆಯಂತೆ ನಾರಿತು. ನನಗೊಬ್ಬಳಿಗೇ ಅದು ವಾಸನೆ ಅನ್ನಿಸಲಿಲ್ಲ.

ಆದರೆ ಅವ್ವ, ನೀನು ಬೇವಿನ ಎಲೆ ಹಾಕಿ ಕೆಲಸ ಕೆಡಿಸಿದೆ. ನನಗೆ ಬೇಕಾದದ್ದೇ ಬೂಷ್ಟು! ಸಗಣಿಯ ಮೇಲೆ ಬೆಳೆಯುವ ಒಂದು ಬೂಷ್ಟಿದೆ, ಅದಕ್ಕೆ ಪೊಡೋಸ್ಪೊರಾ ಅನ್ನುತ್ತಾರೆ. ಅದನ್ನೇ ನಾನು ಓದುತ್ತಿರುವುದು. ಒದ್ದೆ ಕಾಗದದ ಮೇಲೆ ಸಗಣಿ ಇಟ್ಟು, ಗಾಜು ಮುಚ್ಚಿ ಕಾದೆ. ಬೇವಿಗೆ ಹೆದರಿ ಏನೂ ಹುಟ್ಟಲಿಲ್ಲ. ಇನ್ನೊಮ್ಮೆ ಕಳಿಸು. ನೆರಳಿನಲ್ಲಿ ಒಣಗಿಸು, ಏನೂ ಬೆರೆಸಬೇಡ.

ಇದನ್ನು ಅಣ್ಣನಿಗೆ ಓದಿ ಹೇಳು. ಏ ಅಣ್ಣಾ, ಈ ಬೂಷ್ಟಿನ ಬದುಕು ಕೇಳು. ಸಾಸಿವೆಗಿಂತ ಸಣ್ಣ ಕರೀ ಹೂಜಿ ಇರುತ್ತದೆ ಅದಕ್ಕೆ. ಬೆಳಕು ಎಲ್ಲಿದೆ ಅಂತ ನೋಡಿ ಅತ್ತ ಕತ್ತು ಹೊರಳಿಸಿ, ಬೀಜವನ್ನು ಸಿಡಿಸುತ್ತದೆ. ಬೀಜ ಹುಲ್ಲಿಗೆ ಅಂಟುತ್ತದೆ. ದನ ಹುಲ್ಲು ಮೇಯುತ್ತದೆ. ಹೊಟ್ಟೆಯ ಕಾವಿನಲ್ಲಿ ಹಾಯ್ದು ಬಂದ ಮೇಲೇ ಆ ಬೀಜಕ್ಕೆ ಎಚ್ಚರ. ನಾವು ಅದನ್ನು ಉದ್ದನೆಯ ಗಾಜಿನ ನಳಿಗೆಯ ಒಂದು ತುದಿಗೆ ಬಿತ್ತುತ್ತೇವೆ. ಬಿಳಿ ನೂಲಿನಂತೆ ಮುಂದೆ ಮುಂದೆ ಹೋಗುತ್ತದೆ. ಬೇರೆ ಬೂಷ್ಟು ಅನ್ನ ಇರುವ ತನಕ ಬೆಳೆಯುತ್ತಲೇ ಇರುತ್ತವೆ. ಇದು ಹಾಗಲ್ಲ. ಮುಂದೆ ಬೇಕಾದಷ್ಟು ಅನ್ನ ಇದ್ದರೂ ಒಂದು ಕಡೆ ಬಣ್ಣಗೆಟ್ಟು ನಿಂತುಬಿಡುತ್ತದೆ. ಮುಪ್ಪು ಅಂದರೇನು ಅಂತ ತಿಳಿಯಲು ಜಗತ್ತಿನ ಎಷ್ಟೋ ಕಡೆ ಇದನ್ನೇ ಬೆಳೆಸುತ್ತಾರೆ.

ಇಳಕಲ್ಲಿನ ಮಾತು ಈಗ ಬೇಡ, ಅವ್ವ. ಕೆಲಸ ಭಾಳ ಇದೆ.

ಸುನಿತಾ


ಚೊಳಚಗುಡ್ಡ
೨೪ ಆಗಸ್ಟ್ ೨೦೨೩

ಸುನಿತಾ, ತಾಯಿ,

ಶ್ರಾವಣದ ಪೂಜೆ ಮುಗಿಸಿ ಬರೆಯುತ್ತಿದ್ದೇನೆ. ಕೈಯಲ್ಲಿ ಇನ್ನೂ ವಿಭೂತಿ ಇದೆ, ಹಾಳೆಗೆ ಹತ್ತಿದ್ದರೆ ಹಣೆಗೆ ಹಚ್ಚಿಕೋ.

ಈ ಸಲದ ಸಗಣಿಗೆ ಏನೂ ಸೋಕಿಲ್ಲ. ವಿಭೂತಿಗೆ ಹಿಡಿಯುವ ಹಾಗೇ ಹಿಡಿದೆ. ನಮ್ಮ ಆಕಳು ಕಪಲಿ ಬಾಲ ಎತ್ತಿದ ಕೂಡಲೇ ಓಡಿ ಹೋಗಿ, ನೆಲಕ್ಕೆ ಬೀಳುವ ಮುನ್ನ ಕೈಯೊಡ್ಡಿ ಹಿಡಿದದ್ದು. ನೆಲ ಮುಟ್ಟಿದ ಸಗಣಿ ಕೊಟ್ಟಿಗೆ ಬಳಿಯಲು, ನೆಲ ಮುಟ್ಟದ್ದು ಸುಟ್ಟು ಬೂದಿ ಮಾಡಲು. ನನ್ನ ಅವ್ವ ಹೇಳಿಕೊಟ್ಟದ್ದು ಹೀಗೆ. ಹೊರಗಿನ ಮೈಲಿಗೆ ಯಾವುದೂ ಅದಕ್ಕೆ ತಾಗಿಲ್ಲ. ಇದರಲ್ಲಿ ನಿನ್ನ ಬೂಷ್ಟು ಹುಟ್ಟಲಿಕ್ಕಿಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ. ನೋಡು.

ನಿನ್ನ ಕಾಗದ ಓದಿ ಹೇಳಿದಾಗ ಬಸವಂತ ಭಾಳ ನಕ್ಕ. ‘ಅವ್ವಾ, ನಮ್ಮ ಸುನಿ ಸಗಣಿ ಪಂಡಿತಿ ಆದಳು’ ಅಂದ. ಆಮೇಲೆ ಇನ್ನೊಮ್ಮೆ ಓದಿಸಿದ. ನಳಿಗೆಯ ಮಾತು ಬಂದಾಗ ನನ್ನನ್ನು ತಡೆದ.

‘ನಿಲ್ಲೂದು ಎಲ್ಲಿ ಅಂತ ಅದಕ್ಕ ಯಾರು ಹೇಳತಾರಂತ? ಕೇಳಿ ಬರಿ’ ಅಂದ. ‘ತಂಪಿನಾಗ ಇಟ್ರ ಮುಪ್ಪು ಬರೂದಿಲ್ಲ ಅಂತ ಆಕಿ ಫೋನಿನಾಗ ಅಂದಿದ್ಲು. ನನ್ನೂ ಫ್ರಿಜ್ಜಿನಾಗ ಇಡವ್ವಾ, ಹಾಲಿನ ಬೋಗುಣಿ ಬಾಜೂಕ.’

ನಿಮ್ಮಪ್ಪ ಎದ್ದು ಹೊರಗೆ ಹೋದರು. ಅವನು ನಗೆಯಾಡಿದ ದಿನ ಅವರಿಂದ ಮನೆಯಲ್ಲಿ ಕೂರಲಿಕ್ಕಾಗುವುದಿಲ್ಲ. ‘ನನ್ನ ಮಾಡ್ಕೊಳ್ಳದಿದ್ರ ನಿನ್ನ ಮಗ ಹಿಂಗಾಗ್ತಿದ್ದಿಲ್ಲ’ ಅಂತ ಒಮ್ಮೆ ನನ್ನೆದುರು ಅಂದಿದ್ದರು. ನಾನು ಅಲ್ಲ ಅನ್ನಲಿಲ್ಲ. ಡಾಕ್ಟರೇ ಬರೆದುಕೊಂಡ ಮೇಲೆ ಏನು ಅನ್ನಲಿ?

ಇಳಕಲ್ಲಿನವರು ಮನೆಗೆ ಬಂದು ಹೋದರು. ಹುಡುಗನ ತಾಯಿ ನೀಲಗಂಗವ್ವ ಬಸವಂತನ ಮಂಚದ ಪಕ್ಕ ಕೂತು ಅವನ ಕೈ ಹಿಡಿದು ಮಾತಾಡಿಸಿದಳು. ಮುಖ ತಿರುಗಿಸಲಿಲ್ಲ. ‘ಒಳಸಂಬಂಧದಾಗ ಹಿಂಗ ಆಗ್ತಾವ್ರಿ, ನಿಮ್ಮ ಮಗಳಿಗೆ ಏನೂ ಆಗೂದಿಲ್ಲ ಬಿಡ್ರಿ’ ಅಂದಳು. ಅಂಥ ಮನೆ ಸಿಗುವುದಿಲ್ಲ. ದೀಪಾವಳಿಗೆ ಬಾ, ಒಮ್ಮೆ ನೋಡು. ಬಂದು ಎಷ್ಟು ದಿನ ಆಯಿತು ನೀನು!

ಅವ್ವ


ಪುಣೆ
೨೦ ಸೆಪ್ಟೆಂಬರ್ ೨೦೨೩

ಅವ್ವ,

ಈ ಕಾಗದ ನಿನಗೊಬ್ಬಳಿಗೆ. ಅಣ್ಣನಿಗೆ ಓದಬೇಡ.

ನೀನು ಕಳಿಸಿದ್ದರಲ್ಲಿ ಬೂಷ್ಟು ಹುಟ್ಟಿತು. ಒಳ್ಳೆಯ ತಳಿ. ನೀನು ನೆಲಕ್ಕೆ ಬೀಳಗೊಡದೆ ಹಿಡಿದದ್ದು ನಮಗೂ ಉಪಯೋಗವಾಯಿತು. ಅದು ಮಣ್ಣಿನಿಂದ, ಗಾಳಿಯಿಂದ ಹತ್ತಿದ್ದಲ್ಲ, ಹೊಟ್ಟೆಯಲ್ಲೇ ಇತ್ತು ಅಂತ ಧೈರ್ಯದಿಂದ ಹೇಳಬಹುದು.

ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಎಷ್ಟೋ ಸಲ ಬರೆದು ಹರಿದೆ.

ಪ್ರತಿ ಜೀವದ ಒಳಗೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಒಲೆಗಳಿರುತ್ತವೆ. ಅನ್ನ ಉರಿಸಿ ಶಕ್ತಿ ಕೊಡುವ ಒಲೆಗಳು. ಬೂಷ್ಟಿನಲ್ಲೂ ಇವೆ, ದನದಲ್ಲೂ ಇವೆ, ನಮ್ಮಲ್ಲೂ ಇವೆ. ಈ ಬೂಷ್ಟಿನ ಒಲೆಗಳು ಒಂದೊಂದಾಗಿ ಕೆಡುತ್ತ ಬರುತ್ತವೆ, ಆಗ ಅದು ನಿಲ್ಲುತ್ತದೆ. ಇದರಲ್ಲಿ ಒಂದೇ ತಳಿ ತಾಯಿಯೂ ಆಗಬಹುದು, ತಂದೆಯೂ ಆಗಬಹುದು. ಹಿಂದಿನವರು ಒಂದು ಪರೀಕ್ಷೆ ಮಾಡಿದರು. ಮುಪ್ಪು ಹಿಡಿದದ್ದನ್ನು ತಂದೆ ಮಾಡಿ, ಎಳೆಯದನ್ನು ತಾಯಿ ಮಾಡಿದರು. ಮರಿಗಳೆಲ್ಲ ಎಳೆಯವೇ ಹುಟ್ಟಿದವು. ತಿರುವು ಮುರುವು ಮಾಡಿ ಮುಪ್ಪು ಹಿಡಿದದ್ದನ್ನು ತಾಯಿ ಮಾಡಿದರು. ಆಗ ಎಷ್ಟೋ ಮರಿಗಳು ಹುಟ್ಟುತ್ತಲೇ ಮುಪ್ಪು ಹೊತ್ತುಕೊಂಡು ಬಂದವು. ಯಾಕೆಂದರೆ ಒಲೆ ಕೊಡುವವಳು ತಾಯಿ. ತಂದೆಯ ಒಲೆ ಮರಿಗೆ ಹೋಗುವುದೇ ಇಲ್ಲ. ತಂದೆ ಹತ್ತಿರದವನಾದರೂ ಅಷ್ಟೇ, ಎಲ್ಲಿಂದಲೋ ತಂದವನಾದರೂ ಅಷ್ಟೇ.

ಕೆಲವು ಮರಿ ಪಾರಾಗುತ್ತವೆ. ಯಾವುದು ಅಂತ ಮೊದಲೇ ಹೇಳಲು ಬರುವುದಿಲ್ಲ, ಬಿತ್ತಿ ನೋಡಿದಾಗಲೇ ತಿಳಿಯುವುದು.

ಇಳಕಲ್ಲಿನವರಿಗೆ ಬೇಡ ಅಂತ ಹೇಳಿಬಿಡು. ಕಾರಣ ಕೇಳಬೇಡ. ದೀಪಾವಳಿಗೆ ಬರಲು ಆಗುವುದಿಲ್ಲ.

ಸುನಿತಾ


ಚೊಳಚಗುಡ್ಡ
೨೧ ನವೆಂಬರ್ ೨೦೨೩

ಸುನಿತಾ,

ದೀಪಾವಳಿಗೆ ನೀನು ಬರಲಿಲ್ಲ. ಆರತಿಗೆ ಬಸವಂತ ಕಾದ. ತಂಗಿ ಇಲ್ಲದೆ ಆರತಿ ಯಾರು ಮಾಡುವುದು ಅಂತ ನಾನೇ ಬೆಳಗಿದೆ. ‘ಕೈ ಸುನಿದಲ್ಲ, ಬಳಿ ಸಪ್ಪಳ ಬ್ಯಾರೆ ಐತಿ’ ಅಂದ.

ನಿನ್ನ ಕಾಗದ ನನ್ನ ಹತ್ತಿರವೇ ಇದೆ. ನಾನು ಏಳನೇ ಇಯತ್ತೆ ಕಲಿತವಳು. ಮೊದಲ ಸಲ ಓದಿದಾಗ ಒಲೆಯ ಮಾತು ಚೆಂದ ಬರೆದಿದ್ದಾಳೆ ಅಂದುಕೊಂಡೆ, ಅಷ್ಟೇ. ಆದರೆ ಒಂದು ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಪ್ರಶ್ನೆ ಕೇಳಿದವನು ಬಸವಂತ. ಉತ್ತರ ಅವನಿಗೆ ಓದಬೇಡ ಅಂತ ಬರೆದಿದ್ದಿ. ಬರೀ ಬೂಷ್ಟಿನ ಮಾತಾದರೆ ಅವನು ಯಾಕೆ ಕೇಳಬಾರದು?

ಮರುದಿನ ಕಪಲಿಯ ಸಗಣಿ ಹಿಡಿಯಲು ಹೋದೆ. ಕೈಯೊಡ್ಡಿದವಳು ಹಾಗೇ ನಿಂತೆ. ನೆಲ ಮುಟ್ಟಲಿಲ್ಲ, ಯಾರ ನೆರಳೂ ಬೀಳಲಿಲ್ಲ, ಆದರೂ ಅದರಲ್ಲಿ ಹುಟ್ಟಿತಲ್ಲ. ಹೊಟ್ಟೆಯಲ್ಲೇ ಇತ್ತು ಅಂತ ನೀನೇ ಬರೆದಿದ್ದಿ. ಆಗ ತಿಳಿಯಿತು.

ನನ್ನ ಅವ್ವನ ರೆಪ್ಪೆ ಕೊನೆಗಾಲಕ್ಕೆ ಹೀಗೇ ಇಳಿದಿದ್ದವು. ಮುಪ್ಪಿಗೆ ಹಾಗಾಗುತ್ತದೆ ಅಂದಿದ್ದೆವು. ಅವ್ವನ ತಂಗಿಯ ಒಂದು ಮಗು ನಡೆಯಲು ಕಲಿಯಲೇ ಇಲ್ಲ. ದೇವರ ಮಗು ಅಂತ ಎತ್ತಿಕೊಂಡು ತಿರುಗುತ್ತಿದ್ದರು. ನಿಮ್ಮಪ್ಪನ ಕಡೆಯಲ್ಲಿ ಹುಡುಕಿದೆ. ಒಬ್ಬರೂ ಇಲ್ಲ.

ಹೊರಗಿನ ಸಂಬಂಧ, ಹೊರಗಿನ ಸಂಬಂಧ ಅಂತ ನಾನು ಬಡಕೊಳ್ಳುವಾಗ ನೀನು ಅಲ್ಲಿ ಏನು ಅಂದುಕೊಂಡಿರಬೇಕು!

ಈಗ ನೇರ ಕೇಳುತ್ತೇನೆ, ನೇರ ಹೇಳು. ಬಸವಂತನದು ನನ್ನಿಂದ ಬಂದದ್ದೇನು? ನಿನ್ನಲ್ಲೂ ಇದೆಯೇನು? ಎಂದಿನಿಂದ ನಿನಗೆ ಗೊತ್ತಿತ್ತು?

ಪೂಜೆಗೆ ಲಿಂಗಯ್ಯನ ಮುಂದೆ ಕೂತರೆ ಕೇಳಲು ಬಾಯಿ ಬರುವುದಿಲ್ಲ. ಏನು ಅಂತ ಕೇಳಲಿ? ಮೊದಲೆಲ್ಲ ನನ್ನ ಆಯುಷ್ಯ ಅವನಿಗೆ ಕೊಡು ಅಂತ ಬೇಡುತ್ತಿದ್ದೆ. ಈಗ ಹಾಗೆ ಬೇಡಲಿಕ್ಕೂ ಹೆದರಿಕೆ.

ಅವ್ವ


ಪುಣೆ
೧೮ ಡಿಸೆಂಬರ್ ೨೦೨೩

ಅವ್ವ,

ಹೌದು. ಮೂರಕ್ಕೂ ಹೇಳುತ್ತೇನೆ.

ಅಣ್ಣನ ರಕ್ತವನ್ನು ಕಳೆದ ವರ್ಷ ಇಲ್ಲಿಗೆ ತಂದು ತೋರಿಸಿದೆನಲ್ಲ, ಆಗ ತಿಳಿಯಿತು. ನಿಮಗೆ ಮಾತ್ರ ಏನೂ ತಿಳಿಯಲಿಲ್ಲ ಅಂತ ಸುಳ್ಳು ಹೇಳಿದೆ. ಒಳಸಂಬಂಧಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವನಲ್ಲಿ ಕೆಡುತ್ತಿರುವುದು ಆ ಒಲೆಗಳೇ, ಅಪ್ಪನದು ಏನೂ ಇಲ್ಲ. ಆಮೇಲೆ ನನ್ನ ರಕ್ತ ಕೊಟ್ಟೆ. ನನ್ನಲ್ಲೂ ಇದೆ, ಕಡಿಮೆ ಇದೆ. ನಿನ್ನ ಹಾಗೆ ನಾನೂ ನಡೆದಾಡಿಕೊಂಡು ಇರಬಹುದು. ಹುಟ್ಟುವ ಮಗುವಿಗೆ ಎಷ್ಟು ಹೋಗುತ್ತದೆ ಅಂತ ಯಾರೂ ಹೇಳಲಾರರು. ನಾನು ಈ ಪ್ರಯೋಗಶಾಲೆ ಸೇರಿದ್ದೂ ಅದಕ್ಕೇ. ಮದ್ದು ಸಿಗುತ್ತದೆ ಅಂತ ಅಲ್ಲ ಅವ್ವ, ಅಣ್ಣನಿಗೆ ಸಿಗುವಷ್ಟು ಬೇಗ ಏನೂ ಆಗುವುದಿಲ್ಲ. ಗೊತ್ತಾದ ಮೇಲೆ ಬೇರೆ ಏನನ್ನೂ ಓದಲು ಆಗಲಿಲ್ಲ, ಅಷ್ಟೇ.

ನಿನಗೆ ಹೇಗೆ ಹೇಳಲಿ? ಹೇಳಿದರೆ ನೀನು ಅವನ ಬಾಯಿಗೆ ತುತ್ತಿಡುವಾಗ, ಈ ಬ್ಯಾನಿ ನಾನು ಕೊಟ್ಟದ್ದು ಅಂತ ದಿನಾ ಅಂದುಕೊಳ್ಳುತ್ತೀ. ಹೇಳದಿದ್ದರೆ ಅಪ್ಪ ದಿನಾ ತಲೆ ತಗ್ಗಿಸುತ್ತಾರೆ. ಇಬ್ಬರಲ್ಲಿ ಯಾರನ್ನು ಉಳಿಸಲಿ ಅಂತ ತಿಳಿಯದೆ ಊರಿಗೇ ಬರುವುದನ್ನು ಬಿಟ್ಟೆ. ಬಂದರೆ ಪಡಸಾಲೆಯಲ್ಲಿ ಹೆಣ್ಣು ನೋಡುವವರು ಕೂತಿರುತ್ತಾರೆ, ಅಣ್ಣ ಕೇಳಿಸಿಕೊಳ್ಳುತ್ತಿರುತ್ತಾನೆ, ನಾನು ಸೆರಗು ಹೊದ್ದು ಸುಳ್ಳಿನ ಹಾಗೆ ಕೂರಬೇಕು.

ನಿನ್ನ ತಪ್ಪಲ್ಲ ಅವ್ವ. ಇದನ್ನು ಮಾತ್ರ ಪುಸ್ತಕದಿಂದಲ್ಲ, ನಾನಾಗಿ ಹೇಳುತ್ತಿದ್ದೇನೆ.

ಸುನಿ


ಚೊಳಚಗುಡ್ಡ
೧೨ ಫೆಬ್ರುವರಿ ೨೦೨೪

ನನ್ನ ಸುನಿ,

ಉತ್ತರ ತಡವಾಯಿತು. ಬರೆಯುವ ಮೊದಲು ಮಾಡಬೇಕಾದ ಕೆಲಸ ಎರಡಿದ್ದವು.

ಮೊದಲನೆಯದು ನಿಮ್ಮಪ್ಪನಿಗೆ ಹೇಳುವುದು. ಮಲಪ್ರಭೆಯ ದಂಡೆಗೆ ಬಟ್ಟೆ ಒಗೆಯಲು ಹೋದಾಗ ಹಿಂದೆಯೇ ಬರ್ರಿ ಅಂತ ಕರೆದೊಯ್ದು ಹೇಳಿದೆ. ನೀನು ಬರೆದ ಹಾಗೇ, ಒಲೆಯ ಮಾತಿನಿಂದ ಶುರು ಮಾಡಿ. ಕೇಳಿಸಿಕೊಂಡು ಕೂತರು.

‘ಹಂಗಾರ ನಂದಲ್ಲ?’ ಅಂದರು.

‘ಅಲ್ಲ. ನಂದು.’

ಅವರ ಮುಖದಲ್ಲಿ ಒಂದು ಗಳಿಗೆ ಏನು ಹಾಯ್ದು ಹೋಯಿತು ಅಂತ ನಾನು ಕಂಡೆ ಸುನಿ. ಭಾರ ಇಳಿಸಿದ ಎತ್ತಿನ ಮುಖ. ಮರುಗಳಿಗೆ ನನ್ನನ್ನು ನೋಡಿ, ಹಗುರಾದದ್ದಕ್ಕೇ ನಾಚಿಕೊಂಡು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಒದ್ದೆ ಬಟ್ಟೆಯ ಗಂಟನ್ನು ನನ್ನ ತಲೆಗೆ ಏರಿಸಗೊಡಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ತಾವೇ ಹೊತ್ತು ಊರ ನಡುವಿನಿಂದ ಬಂದರು. ‘ಏನ ಹುಚ್ಚಪ್ಪಾ, ಹೆಂಡ್ತಿ ಅರಿವಿ ಹೊರಾಕತ್ತಿ?’ ಅಂತ ಕಟ್ಟೆಯ ಮೇಲಿನವರು ನಕ್ಕರು. ‘ಹೌದು, ಹೊರಾಕತ್ತೇನಿ’ ಅಂದರು.

ಎರಡನೆಯದು ಇಳಕಲ್ಲು. ಬೇಡ ಅಂತ ಹೇಳಿ ಕಳಿಸಿದರೆ ಸಾಕಿತ್ತು. ಆದರೆ ನೀಲಗಂಗವ್ವ ಬಸವಂತನ ಕೈ ಹಿಡಿದು ಮಾತಾಡಿಸಿದವಳು, ಅವಳಿಗೆ ಸುಳ್ಳು ನೆಪ ಹೇಳಲು ಮನಸ್ಸಾಗಲಿಲ್ಲ. ಬಸ್ಸು ಹತ್ತಿ ನಾನೇ ಹೋದೆ. ಮಗ್ಗಗಳ ಸಪ್ಪಳದಲ್ಲಿ ಮಾತು ಕೇಳುತ್ತಿರಲಿಲ್ಲ. ಅವಳು ಮಗ್ಗ ನಿಲ್ಲಿಸಲು ಹೇಳಿದಳು. ಆ ಮೌನದಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

ನಿನ್ನ ರಕ್ತದ ಮಾತು ನಾನು ಎತ್ತಲಿಲ್ಲ, ಅದು ನಿನ್ನದು. ‘ನನ್ನ ಮಗನ ಬ್ಯಾನಿ ಒಳಸಂಬಂಧದ್ದಲ್ಲ, ನನ್ನ ಹೊಟ್ಟಿ ಹಿಡದು ಬಂದದ್ದು. ನಮ್ಮ ಹೆಣ್ಣಮಕ್ಕಳಿಂದ ಮುಂದಕ್ಕ ಹೋಗ್ತೈತಿ’ ಅಂದೆ ಅಷ್ಟೇ. ಉಳಿದದ್ದನ್ನು ಅವಳೇ ತಿಳಿದುಕೊಂಡಳು.

‘ಯಾರರೆ ಬಂದು ಹಿಂಗ ಹೇಳ್ತಾರೇನ್ರಿ? ನೀವು ಹೇಳದಿದ್ರ ನಮಗ ಗೊತ್ತರ ಎಲ್ಲಿ ಆಗತಿತ್ತು!’

‘ಅದಕ್ಕ ಹೇಳಾಕ ಬಂದೆ.’

ಕಣ್ಣೊರಸಿಕೊಂಡಳು. ಆಗುವುದಿಲ್ಲ ಅಂತ ಬಾಯಿಬಿಟ್ಟು ಅನ್ನಲಿಲ್ಲ. ರೊಟ್ಟಿ ಬಡಿಸಿದಳು. ನಂಟಸ್ತನ ಮುರಿದ ಮನೆಯಲ್ಲಿ ಕೂತು ಉಂಡೆ. ಆ ಹುಡುಗ ಬಸ್ಸಿನ ತನಕ ಬಂದು, ಗಾಡಿ ಹೊರಡುವಾಗ ಕಿಟಕಿಯ ಹತ್ತಿರ, ‘ಅವ್ರು ಆರಾಮ ಅದಾರಲ್ರಿ?’ ಅಂತ ಕೇಳಿದ. ಆರಾಮ ಇದ್ದಾಳೆ ಅಂದೆ. ಒಳ್ಳೆಯವನೇ. ಅದನ್ನು ನಿನಗೆ ಬರೆಯಬಾರದಿತ್ತೇನೋ.

ಹುನಗುಂದ ದಾಟುವ ತನಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಕೂತಿದ್ದೆ.

ಇಂಥ ಮಾತು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಈಗಾಗಲೇ ಕಮತಗಿಯ ತನಕ ಹೋಗಿದೆ ಅಂತೆ. ಇನ್ನು ಈ ಕಡೆಯಿಂದ ನಿನ್ನನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಮಗಳ ಬಾಗಿಲನ್ನು ತಾಯಿಯೇ ಹಾಕಿದಳು ಅಂತ ಊರು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ನೀನು ಲಗ್ನ ಆಗುವುದು, ಆಗದಿರುವುದು, ಕೂಸಿನ ವಿಚಾರ, ಎಲ್ಲ ನಿನ್ನ ಕೈಯಲ್ಲೇ ಇರಲಿ. ನಾನು ಆ ಮಾತು ಎತ್ತುವುದಿಲ್ಲ. ಪಡಸಾಲೆಯಲ್ಲಿ ಯಾರೂ ಕೂತಿರುವುದಿಲ್ಲ. ನಿಮ್ಮಪ್ಪ, ನಾನು, ಅವನು, ಅಷ್ಟೇ.

ಬಸವಂತನಿಗೆ ನಾನು ಏನೂ ಹೇಳಿಲ್ಲ. ಹೇಳಿದರೂ ಈಗ ಎಷ್ಟು ತಿಳಿಯುತ್ತದೋ. ಮಧ್ಯಾಹ್ನವಾಗುತ್ತಲೇ ಮಾತು ಕೆಡುತ್ತದೆ, ಆಮೇಲೆ ಯಾರು ಬಂದರೂ ಗುರುತಿಲ್ಲ. ಮುಂಜಾನೆ ಎದ್ದಾಗ ಸ್ವಲ್ಪ ಹೊತ್ತು ಪೂರಾ ನಮ್ಮ ಹುಡುಗನೇ ಆಗಿರುತ್ತಾನೆ. ಆಗ ನಿನ್ನ ಹೆಸರು ಹಿಡಿದು ಕೇಳುತ್ತಾನೆ.

ರಾತ್ರಿ ಬಸ್ಸಿಗೇ ಹತ್ತು, ತಾಯಿ. ಮುಂಜಾನೆ ಮುಟ್ಟುವ ಹಾಗೆ ಬಾ.

ನಿನ್ನ ಅವ್ವ